ಎಡಿತ್ ವಿಕ್ಟೋರಿಯಾ ಗೌರಮ್ಮ ಮತ್ತು ಅವಳ ಓರಗೆಯವರು

1837ರ ಜೂನ್ 20ರಂದು ಹದಿನೆಂಟರ ವಿಕ್ಟೋರಿಯಾ ಇಂಗ್ಲೆಂಡಿನ ರಾಣಿಯಾದಳು. ಹನ್ನೊಂದು ದಿನ ಕಳೆದು, ಜುಲೈ 1ಕ್ಕೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರದ ಜನನ–ಮರಣ ನೋಂದಣಿ ಶುರುವಾಯಿತು. ಮೊದಲನೆಯದನ್ನು ಚರಿತ್ರೆಯ ಪುಸ್ತಕಗಳೆಲ್ಲ ಹೇಳುತ್ತವೆ. ನನಗೆ ಎರಡನೆಯದೂ ಅಷ್ಟೇ ದೊಡ್ಡ ಸಂಗತಿ. ಕೋಲಾರ ಜಿಲ್ಲೆಯ ನಗರಸಭೆಯೊಂದರ ಜನನ–ಮರಣ ವಿಭಾಗದಲ್ಲಿ ಕೂತು ನಿವೃತ್ತಳಾದವಳು ನಾನು. ರಿಜಿಸ್ಟರಿನ ಎಲ್ಲ ಕಾಲಂಗಳ ನಡುವೆ ಹೆಸರಿನ ಕಾಲಂ ಒಂದೇ ಬೇರೆ ಥರದ್ದು. ಹುಟ್ಟಿದ ದಿನ, ಊರು, ತಂದೆಯ ಕಸುಬು ಇವೆಲ್ಲ ನಡೆದುಹೋದ ಸಂಗತಿಗಳು. ಹೆಸರು ಮಾತ್ರ ಇನ್ನು ಮುಂದೆ ಹೀಗಾಗಲಿ ಎಂದು ಅಪ್ಪ ಅಮ್ಮ ಬಯಸಿದ್ದು.

ವಿಕ್ಟೋರಿಯಾ ಕಾಲದ ಮಕ್ಕಳ ಹೆಸರುಗಳನ್ನು ಜನ ಫ್ಯಾಷನ್ನಿನ ಮಾತಾಗಿ ಆಡಿಕೊಳ್ಳುತ್ತಾರೆ. ಎಥೆಲ್, ಗರ್ಟ್ರೂಡ್ ಹಳತಾದವು, ಐವಿ, ಆರ್ಥರ್ ಮತ್ತೆ ಬಂದವು ಎನ್ನುತ್ತಾರೆ. ನಾನು ಆ ಹೆಸರುಗಳನ್ನು ಓದುವ ಬಗೆಯೇ ಬೇರೆ. ಹೊಲ ಮನೆ ಇಲ್ಲದವನೂ ಮಗುವಿಗೆ ಕೊಡಬಹುದಾಗಿದ್ದ ಆಸ್ತಿ ಹೆಸರೊಂದೇ. ಆ ಅರವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಇಂಗ್ಲೆಂಡಿನ ಸಾಮಾನ್ಯ ಜನ ಆ ಆಸ್ತಿಯನ್ನು ತಮ್ಮ ಮನಸ್ಸು ಬಂದಂತೆ ಕೊಡಲು ಕಲಿತರು. ಕೆಲವರಿಂದ ಅದನ್ನು ಕಿತ್ತುಕೊಂಡದ್ದೂ ಅದೇ ಕಾಲದಲ್ಲಿ.

ಮಗಳಿಗೆ ತನಗೆ ಬೇಕಾದ ಹೆಸರಿಡುವ ಹಕ್ಕು ಆ ರಾಣಿಯ ತಾಯಿಗೇ ಇರಲಿಲ್ಲ. 1819ರ ಮೇ 24ರಂದು ಹುಟ್ಟಿದ ಮಗುವಿಗೆ ಜೂನ್ 24ರಂದು ಕೆನ್ಸಿಂಗ್ಟನ್ ಅರಮನೆಯಲ್ಲಿ ದೀಕ್ಷಾಸ್ನಾನ ನಡೆಯಿತು. ತಂದೆ ಕೆಂಟ್‌ನ ಡ್ಯೂಕ್, ತಾಯಿ ಜರ್ಮನಿಯ ರಾಜಮನೆತನದವಳು. ಅವರಿಬ್ಬರೂ ಜಾರ್ಜಿಯಾನಾ, ಶಾರ್ಲೆಟ್, ಅಗಸ್ಟಾ ಎಂಬ ಮನೆತನದ ಹೆಸರುಗಳನ್ನು ಯೋಚಿಸಿಟ್ಟಿದ್ದರು. ರಾಜನ ಬದಲು ಆಳುತ್ತಿದ್ದ ದೊಡ್ಡಪ್ಪ, ಪ್ರಿನ್ಸ್ ರೀಜೆಂಟ್, ಒಂದೊಂದಕ್ಕೂ ಬೇಡವೆಂದ. ಶಾರ್ಲೆಟ್ ಎಂಬುದು ಎರಡು ವರ್ಷದ ಹಿಂದೆ ಹೆರಿಗೆಯಲ್ಲಿ ತೀರಿಕೊಂಡ ಅವನ ಒಬ್ಬಳೇ ಮಗಳ ಹೆಸರು. ಆರ್ಚ್‌ಬಿಷಪ್ ಮಗುವನ್ನು ತೋಳಲ್ಲಿ ಹಿಡಿದು ಹೆಸರಿಗಾಗಿ ಕಾಯುತ್ತಿದ್ದಾಗ ಆತ ರಷ್ಯದ ಚಕ್ರವರ್ತಿಯ ಗೌರವಕ್ಕೆ ಅಲೆಗ್ಸಾಂಡ್ರಿನಾ ಎಂದ. ಇನ್ನೊಂದು ಹೆಸರು ಬೇಕೆಂದಾಗ ತಾಯಿಯ ಹೆಸರನ್ನೇ ಸೇರಿಸಲು ಹೇಳಿದ. ಅಲೆಗ್ಸಾಂಡ್ರಿನಾ ವಿಕ್ಟೋರಿಯಾ ಎಂದಾಯಿತು. ಮನೆಯಲ್ಲಿ ಅವಳನ್ನು ಡ್ರಿನಾ ಎಂದು ಕರೆಯುತ್ತಿದ್ದರು. ವಿಕ್ಟೋರಿಯಾ ಎನ್ನುವುದು ಅಂದಿನ ಇಂಗ್ಲಿಷ್ ಕಿವಿಗೆ ಪರದೇಶದ ಹೆಸರು. 1831ರಲ್ಲಿ ಅದನ್ನು ಬದಲಿಸಿ ಶಾರ್ಲೆಟ್ ಅಥವಾ ಎಲಿಜಬೆತ್ ಎಂದಿಡಬೇಕೆಂಬ ಮಾತೂ ಎದ್ದಿತ್ತು. ಅದು ನಡೆಯಲಿಲ್ಲ. ಪಟ್ಟಕ್ಕೆ ಬಂದ ಹುಡುಗಿ ಅಲೆಗ್ಸಾಂಡ್ರಿನಾವನ್ನು ಬಿಟ್ಟು ವಿಕ್ಟೋರಿಯಾ ಎಂದೇ ಸಹಿ ಹಾಕಿದಳು. ಇಷ್ಟಾಗಿಯೂ ಅವಳ ಪ್ರಜೆಗಳಲ್ಲಿ ಆ ಹೆಸರು ಹೆಚ್ಚು ಹಬ್ಬಲಿಲ್ಲ. ಅದು ಸಿಂಹಾಸನದ ಹೆಸರಾಗಿಯೇ ಉಳಿಯಿತು.

ಅವಳು ಪಟ್ಟಕ್ಕೆ ಬರುವವರೆಗೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಹೆಸರುಗಳು ಬೆರಳೆಣಿಕೆಯಷ್ಟೇ ಇದ್ದವು. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮಾಡಿದಂದಿನಿಂದ ಪ್ರತಿ ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ ಲೆಕ್ಕವನ್ನು ಬರೆದಿಡುತ್ತಿದ್ದರು. ಆ ಪುಸ್ತಕಗಳಲ್ಲಿ 18ನೇ ಶತಮಾನದ ಪುಟ ತೆರೆದರೆ ಗಂಡುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನ ಜಾನ್, ವಿಲಿಯಂ, ಥಾಮಸ್. ಹೆಣ್ಣುಮಕ್ಕಳಲ್ಲಿ ಮೇರಿ, ಎಲಿಜಬೆತ್, ಆನ್. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ ಇಳಿದು ಬರುತ್ತಿತ್ತು. ನಮ್ಮ ಮನೆಗಳಲ್ಲೂ ಇದ್ದ ರೂಢಿಯೇ ಇದು. ಒಂದೇ ಬೀದಿಯಲ್ಲಿ ಹತ್ತು ಮೇರಿಯರಿದ್ದರೆ ಒಬ್ಬಳು ಪಾಲಿ, ಒಬ್ಬಳು ಮಾಲಿ, ಒಬ್ಬಳು ಮೇ. ಎಲಿಜಬೆತ್ ಒಡೆದು ಬೆಸ್, ಬೆಟ್ಟಿ, ಲಿಜ್ಜಿ ಆಗುತ್ತಿದ್ದಳು. ಆನ್ ನ್ಯಾನ್ಸಿಯಾಗುತ್ತಿದ್ದಳು. ಪುಸ್ತಕದಲ್ಲಿ ಒಂದು, ಬಾಯಲ್ಲಿ ಇನ್ನೊಂದು. ಮಗುವಿಗೆ ಹೆಸರು ಹುಡುಕುವ ಕೆಲಸವೇ ಇರಲಿಲ್ಲ, ಹಿರಿಯರದನ್ನು ಮುಂದುವರಿಸಿದರೆ ಸಾಕಿತ್ತು.

ಸರ್ಕಾರದ ರಿಜಿಸ್ಟರು ಬಂದ ಮೇಲೆ ಚರ್ಚಿಗೆ ಹೋಗದವರ, ಬೇರೆ ಪಂಥದವರ ಮಕ್ಕಳೂ ಅದೇ ಪುಸ್ತಕದೊಳಗೆ ಬಂದರು. ಆರಂಭದಲ್ಲಿ ಹುಟ್ಟನ್ನು ತಾವಾಗಿ ಬಂದು ಬರೆಸಬೇಕೆಂಬ ಒತ್ತಾಯ ತಂದೆತಾಯಿಗೆ ಇರಲಿಲ್ಲ. ರಿಜಿಸ್ಟ್ರಾರೇ ಊರು ಸುತ್ತಿ ಎಲ್ಲಿ ತೊಟ್ಟಿಲು ಕಟ್ಟಿದ್ದಾರೆಂದು ವಿಚಾರಿಸಬೇಕಿತ್ತು. ಒಂದೊಂದು ದಾಖಲೆಗೆ ಇಷ್ಟು ಎಂದು ಅವನ ಸಂಬಳ. 1874ರ ಕಾಯಿದೆ ಬಂದ ಮೇಲೆ ನಲವತ್ತೆರಡು ದಿನದೊಳಗೆ ಬರೆಸುವ ಹೊಣೆ ಮನೆಯವರ ಮೇಲೆ ಬಿತ್ತು, ತಪ್ಪಿದರೆ ದಂಡ. ನಮ್ಮ 1969ರ ಕಾಯಿದೆಯಲ್ಲಿ ಆ ಗಡುವು ಇಪ್ಪತ್ತೊಂದು ದಿನ. ಹೆಸರು ಇನ್ನೂ ಇಟ್ಟಿಲ್ಲವಾದರೆ ಹನ್ನೆರಡು ತಿಂಗಳೊಳಗೆ ಬಂದು ಸೇರಿಸಬಹುದು ಎಂಬ ಅನುಕೂಲ ಅವರ 1874ರ ಕಾಯಿದೆಯಲ್ಲೂ ಇತ್ತು, ನಮ್ಮದರಲ್ಲೂ ಇದೆ.

ಅಕ್ಷರ ಬಾರದವರ ಹೆಸರನ್ನು ಕಿವಿಗೆ ಬಿದ್ದಂತೆ ಬರೆಯುವುದು ಎಂಥ ಹೊಣೆ ಎಂದು ಆ ಮೇಜಿನಲ್ಲಿ ಕೂತವರಿಗೆ ಗೊತ್ತು. 1840ರ ಆಸುಪಾಸಿನಲ್ಲಿ ಇಂಗ್ಲೆಂಡಿನಲ್ಲಿ ಮದುವೆಯಾದ ಗಂಡಸರಲ್ಲಿ ಮೂರರಲ್ಲೊಬ್ಬ, ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ಸಹಿಯ ಜಾಗದಲ್ಲಿ ಗೀಟು ಎಳೆಯುತ್ತಿದ್ದರು. ರಿಜಿಸ್ಟ್ರಾರನ ಕೈ ಬರೆದದ್ದೇ ಅವರ ಮಗುವಿನ ಹೆಸರು. ಅದರ ಅಕ್ಷರ ಸರಿಯಿದೆಯೇ ಎಂದು ನೋಡಿ ಹೇಳುವವರು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ.

ಆ ಹಳೆಯ ರಿಜಿಸ್ಟರುಗಳ ಸೂಚಿಗಳನ್ನು ಈಗ ಕಂಪ್ಯೂಟರಿನಲ್ಲೇ ನೋಡಬಹುದು. ಒಂದೊಂದು ಮನೆತನದ ಹೆಸರಿನ ಕೊನೆಯಲ್ಲಿ, ಎಲ್ಲ ಜಾನ್, ಮೇರಿಯರು ಮುಗಿದ ಮೇಲೆ, ಬರೀ 'ಗಂಡು', ಬರೀ 'ಹೆಣ್ಣು' ಎಂದು ಬರೆದ ಸಾಲುಗಳು ಸಿಗುತ್ತವೆ. ನಮ್ಮ ಪುಸ್ತಕದಲ್ಲಿ 'ಹೆಣ್ಣು ಮಗು' ಎಂದು ಬರೆದು ಹೆಸರಿನ ಜಾಗ ಖಾಲಿ ಬಿಡುತ್ತಿದ್ದ ಹಾಗೆಯೇ. ನಮ್ಮಲ್ಲಿ ಬಹುಪಾಲು ಖಾಲಿ ಜಾಗಕ್ಕೆ ಕಾರಣ ನಾಮಕರಣ ಇನ್ನೂ ಆಗಿಲ್ಲವೆಂಬುದು. ಅಲ್ಲಿ ಅನೇಕ ಸಲ ಕಾರಣ ಸಾವು. ವಿಕ್ಟೋರಿಯಾ ಆಳಿದಷ್ಟೂ ಕಾಲ ಇಂಗ್ಲೆಂಡಿನಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 150 ಮಕ್ಕಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. ಗಿರಣಿ ಊರುಗಳಲ್ಲಿ ಇನ್ನೂ ಹೆಚ್ಚು. ದೇಶ ಸಿರಿವಂತವಾಯಿತು, ರೈಲು ಬಂತು, ಈ ಲೆಕ್ಕ ಮಾತ್ರ ಶತಮಾನ ಮುಗಿಯುವವರೆಗೂ ಇಳಿಯಲಿಲ್ಲ.

ದೀಕ್ಷಾಸ್ನಾನವಾಗದೆ ಸತ್ತ ಮಗುವಿಗೆ ಇಂಗ್ಲೆಂಡಿನ ಚರ್ಚಿನಲ್ಲಿ ಶವಸಂಸ್ಕಾರದ ಪ್ರಾರ್ಥನೆ ಇರಲಿಲ್ಲ. ಹಾಗಾಗಿ ಕೂಸು ಉಸಿರಿಗೆ ಕಷ್ಟಪಡುತ್ತಿದ್ದರೆ ಪಾದ್ರಿಯನ್ನು ಮನೆಗೇ ಕರೆಸಿ ಹೆಸರಿಟ್ಟುಬಿಡುತ್ತಿದ್ದರು. ಒಂದು ಮಗು ಹೋದರೆ ಅದೇ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಕೊಡುವುದೂ ಸಾಮಾನ್ಯವಾಗಿತ್ತು. ಒಂದೇ ಮನೆಯಲ್ಲಿ ಎರಡು ವಿಲಿಯಂ, ಒಬ್ಬ ಮಣ್ಣಲ್ಲಿ, ಇನ್ನೊಬ್ಬ ತೊಟ್ಟಿಲಲ್ಲಿ. ಇದನ್ನು ಕಲ್ಲು ಮನಸ್ಸು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಅಜ್ಜನ ಹೆಸರು ಮನೆಯಲ್ಲಿ ನಿಲ್ಲಲೇಬೇಕೆಂಬ ಛಲವೂ, ಹೋದದ್ದನ್ನು ಒಂದಿಷ್ಟಾದರೂ ಉಳಿಸಿಕೊಳ್ಳುವ ಆಸೆಯೂ ಅದರಲ್ಲಿದೆ.

ಹೊಸ ಹೆಸರುಗಳ ಮೊದಲ ದಾರಿ ಅರಮನೆಯಿಂದಲೇ ತೆರೆಯಿತು. 1840ರ ಫೆಬ್ರವರಿಯಲ್ಲಿ ರಾಣಿ ಜರ್ಮನಿಯ ಆಲ್ಬರ್ಟ್‌ನನ್ನು ಮದುವೆಯಾದಳು. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಆಲ್ಬರ್ಟ್ ಎಂಬ ಹೆಸರು ಅಪರೂಪ. ಅವನು ಬದುಕಿದ್ದಾಗಲೇ ಹಬ್ಬತೊಡಗಿತು. 1861ರ ಡಿಸೆಂಬರ್ 14ರಂದು ನಲವತ್ತೆರಡನೇ ವಯಸ್ಸಿಗೆ ಅವನು ತೀರಿಕೊಂಡ ಮೇಲಂತೂ ಬೀದಿ ಬೀದಿಯಲ್ಲೂ ಆಲ್ಬರ್ಟ್‌ಗಳು, ಕರೆಯಲು ಬರ್ಟ್. ತನ್ನ ವಂಶದಲ್ಲಿ ಹುಟ್ಟುವ ಗಂಡುಮಕ್ಕಳ ಹೆಸರಲ್ಲಿ ಆಲ್ಬರ್ಟ್, ಹೆಣ್ಣುಮಕ್ಕಳ ಹೆಸರಲ್ಲಿ ವಿಕ್ಟೋರಿಯಾ ಸೇರಿರಬೇಕು ಎಂಬುದು ವಿಧವೆ ರಾಣಿಯ ಆಸೆ. 1895ರಲ್ಲಿ ಮರಿಮಗನೊಬ್ಬ ಸರಿಯಾಗಿ ಡಿಸೆಂಬರ್ 14ರಂದೇ ಹುಟ್ಟಿದಾಗ ಅವನಿಗೆ ಆಲ್ಬರ್ಟ್ ಎಂದೇ ಇಟ್ಟರು. ಮುಂದೆ ಆರನೇ ಜಾರ್ಜ್ ಎಂದು ರಾಜನಾದವನು ಅವನೇ. ಅವನ ತಾತ, ರಾಣಿಯ ಹಿರಿಮಗ, ಆಲ್ಬರ್ಟ್ ಎಡ್ವರ್ಡ್. 1901ರಲ್ಲಿ ಪಟ್ಟವೇರಿದಾಗ ಅವನು ಏಳನೇ ಎಡ್ವರ್ಡ್ ಎಂಬ ಹೆಸರನ್ನು ಆರಿಸಿಕೊಂಡ. ಆಲ್ಬರ್ಟ್ ಎಂಬ ಹೆಸರು ತಂದೆಯೊಬ್ಬನದೇ ಆಗಿ ನಿಲ್ಲಲಿ ಎಂದು ಕಾರಣ ಕೊಟ್ಟ. ಆಲಿಸ್, ಆಲ್ಫ್ರೆಡ್, ಲೂಯಿಸ್, ಆರ್ಥರ್, ಬಿಯಾಟ್ರಿಸ್ ಎಂಬ ರಾಣಿಯ ಬೇರೆ ಮಕ್ಕಳ ಹೆಸರುಗಳೂ ಹೀಗೇ ಗುಡಿಸಲು ಮನೆಗಳಿಗೆ ಇಳಿದವು. ಇವರಲ್ಲಿ ಆರ್ಥರ್ ಹುಟ್ಟಿದ್ದು 1850ರ ಮೇ 1ರಂದು. ಅದು ವಾಟರ್ಲೂ ಗೆದ್ದ ವೆಲಿಂಗ್ಟನ್ ಡ್ಯೂಕ್ ಆರ್ಥರ್ ವೆಲ್ಲೆಸ್ಲಿಯ ಹುಟ್ಟುದಿನವೂ ಹೌದು. ಮಗುವಿನ ಹೆಸರು ಬಂದದ್ದು ಅವನಿಂದ. ಆ ವೆಲ್ಲೆಸ್ಲಿಯನ್ನು ನಮಗೆ ಹೊಸದಾಗಿ ಪರಿಚಯಿಸಬೇಕಿಲ್ಲ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಸೈನ್ಯದಲ್ಲಿ ಅವನಿದ್ದ.

ಎರಡನೆಯ ದಾರಿ ಪುಸ್ತಕಗಳದ್ದು. ಕಾರ್ಖಾನೆಯ ಹೊಗೆಯ ನಡುವೆ ಬದುಕುತ್ತಿದ್ದ ಜನಕ್ಕೆ ತಮ್ಮ ನಾಡಿನ ಹಳೆಯ ಕಾಲದ ಮೇಲೆ ಹಂಬಲ ಹುಟ್ಟಿತ್ತು. ನಾರ್ಮನ್ನರು ಬರುವ ಮೊದಲಿದ್ದ ಆಂಗ್ಲೋ–ಸ್ಯಾಕ್ಸನ್ ಹೆಸರುಗಳು ಎಂಟು ನೂರು ವರ್ಷ ಮಲಗಿದ್ದವು ಮತ್ತೆ ಎದ್ದವು: ಎಡಿತ್, ಹಿಲ್ಡಾ, ಮಿಲ್ಡ್ರೆಡ್, ಎಡ್ವಿನ್, ಹೆರಾಲ್ಡ್. ಆಲ್ಫ್ರೆಡ್ ದೊರೆ ಹುಟ್ಟಿ ಸಾವಿರ ವರ್ಷವಾಯಿತೆಂದು 1849ರಲ್ಲಿ ವಾಂಟೇಜ್ ಎಂಬ ಊರಿನಲ್ಲಿ ಉತ್ಸವವನ್ನೇ ಮಾಡಿದರು. ವಾಲ್ಟರ್ ಸ್ಕಾಟ್ 1819ರ 'ಐವನ್‌ಹೋ' ಕಾದಂಬರಿಯಲ್ಲಿ ವಿಲ್ಫ್ರೆಡ್, ರೊವೀನಾ ಎಂಬ ಹೆಸರುಗಳನ್ನು ಬಳಕೆಗೆ ತಂದ. ಸೆರ್ಡಿಕ್ ಎಂಬ ಪುರಾತನ ಹೆಸರು ಅವನ ಕೈಯಲ್ಲಿ ಸೆಡ್ರಿಕ್ ಆಯಿತು, ಮಕ್ಕಳಿಗೆ ಹಾಗೆಯೇ ಉಳಿಯಿತು. ಟೆನಿಸನ್ ಕವಿ ಆರ್ಥರ್ ದೊರೆಯ ಕಥೆಗಳನ್ನು 1859ರಿಂದ ಪ್ರಕಟಿಸುತ್ತ ಹೋದಂತೆ ಎನಿಡ್, ಎಲೇನ್, ವಿವಿಯನ್ ಎಂಬ ಹುಡುಗಿಯರು ಹುಟ್ಟಿದರು.

ಎಥೆಲ್ ಎಂಬ ಹೆಸರಿನ ಕಥೆ ಇದರಲ್ಲಿ ನನಗೆ ಬಲು ಇಷ್ಟ. ಹಿಂದೆ ಅದು ಎಥೆಲ್‌ಡ್ರೆಡಾ, ಎಥೆಲ್‌ಬರ್ಗಾ ಮೊದಲಾದ ಉದ್ದದ ಹೆಸರುಗಳ ಒಂದು ತುಂಡು ಮಾತ್ರ. 1850ರ ದಶಕದಲ್ಲಿ, ಕಲ್ಕತ್ತೆಯಲ್ಲಿ ಹುಟ್ಟಿದ ಥ್ಯಾಕರೆ ತನ್ನ 'ದಿ ನ್ಯೂಕಮ್ಸ್' ಕಾದಂಬರಿಯ ನಾಯಕಿಗೆ ಎಥೆಲ್ ಎಂದಿಟ್ಟ. 1856ರಲ್ಲಿ ಶಾರ್ಲೆಟ್ ಯಂಗ್ ಎಂಬ ಲೇಖಕಿ 'ದಿ ಡೇಸಿ ಚೈನ್' ಕಾದಂಬರಿಯಲ್ಲಿ ಇನ್ನೊಬ್ಬ ಎಥೆಲ್‌ಳನ್ನು ತಂದಳು. ಓದಿನ ಹುಚ್ಚಿನ, ಸೊಟ್ಟಪಟ್ಟ ನಡೆಯ, ಒಳ್ಳೆಯ ಮನಸ್ಸಿನ ಹುಡುಗಿ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಇಂಗ್ಲೆಂಡಿನ ಶಾಲೆಗಳ ತುಂಬ ಎಥೆಲ್‌ಗಳು. ಈ ಶಾರ್ಲೆಟ್ ಯಂಗ್ ವಿಂಚೆಸ್ಟರ್ ಹತ್ತಿರದ ಆಟರ್‌ಬೋರ್ನ್ ಹಳ್ಳಿಯಲ್ಲೇ ಹುಟ್ಟಿ, ಜೀವಮಾನವಿಡೀ ಅಲ್ಲೇ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಅಲ್ಲೇ ತೀರಿಕೊಂಡವಳು. ಕ್ರೈಸ್ತ ಹೆಸರುಗಳ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ 1863ರಲ್ಲಿ ಬರೆದವಳೂ ಅವಳೇ. ಹಳ್ಳಿಯ ಮಕ್ಕಳ ಹಾಜರಿ ಕೂಗುತ್ತಿದ್ದ ಹೆಣ್ಣೊಬ್ಬಳು ಹೆಸರುಗಳ ಚರಿತ್ರೆಗೆ ಕೈ ಹಾಕಿದ್ದು ನನಗೆ ಸಹಜವಾಗಿಯೇ ತೋರುತ್ತದೆ. ಶಾರ್ಲೆಟ್ ಬ್ರಾಂಟೆಯ 'ಶರ್ಲಿ' ಬಂದದ್ದು 1849ರಲ್ಲಿ. ಗಂಡುಮಗು ಬಯಸಿದ್ದ ತಂದೆತಾಯಿ ಹೆಣ್ಣು ಹುಟ್ಟಿದರೂ ಗಂಡಿಗೆಂದು ಇಟ್ಟುಕೊಂಡಿದ್ದ ಹೆಸರನ್ನೇ ಕೊಟ್ಟರು ಎಂಬುದು ಅದರ ಕಥೆ. ಆ ಒಂದು ಪುಸ್ತಕದಿಂದ ಗಂಡಸರ ಹೆಸರು ಹೆಂಗಸರ ಪಾಲಾಯಿತು.

ಯುದ್ಧ ಮತ್ತು ಭೂಪಟದಿಂದಲೂ ಹೆಸರು ಬಂದವು. ನೈಟಿಂಗೇಲ್ ದಂಪತಿ ಇಟಲಿ ಪ್ರವಾಸದಲ್ಲಿದ್ದಾಗ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಿಗೆ ಆಯಾ ಊರಿನ ಹೆಸರನ್ನೇ ಇಟ್ಟರು. ನೇಪಲ್ಸ್‌ನಲ್ಲಿ ಹುಟ್ಟಿದವಳಿಗೆ ಆ ಊರಿನ ಪುರಾತನ ಹೆಸರು ಪಾರ್ಥೆನೋಪಿ. 1820ರಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿದವಳು ಫ್ಲಾರೆನ್ಸ್. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಅವಳು ಮನೆಮಾತಾದ ಮೇಲೆ ಫ್ಲಾರೆನ್ಸ್ ಎಂಬ ಹೆಸರು ಅವಳ ಗೌರವಕ್ಕೆ ಊರೂರಿಗೂ ಹರಡಿತು. ಅದೇ ಯುದ್ಧದಲ್ಲಿ 1854ರ ಸೆಪ್ಟೆಂಬರಿನಲ್ಲಿ ಆಲ್ಮಾ ನದಿಯ ದಡದಲ್ಲಿ ಕದನ ನಡೆದಾಗ ಹುಟ್ಟಿದ ಮಕ್ಕಳಿಗೆ ಆಲ್ಮಾ ಎಂದಿಟ್ಟರು. 1900ರಲ್ಲಿ ದಕ್ಷಿಣ ಆಫ್ರಿಕದ ಯುದ್ಧಸುದ್ದಿ ಬಂದಾಗ ಪ್ರಿಟೋರಿಯಾ, ಮೆಫೆಕಿಂಗ್ ಎಂಬ ಊರುಗಳೂ ಕೂಸುಗಳ ಹೆಸರಾದವು. 1865ರ ಕೊನೆಗೆ ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್‌ಗೆ ರಡ್ಯಾರ್ಡ್ ಎಂಬ ಹೆಸರು ಬಂದದ್ದು ಸ್ಟ್ಯಾಫರ್ಡ್‌ಶೈರಿನ ಒಂದು ಕೆರೆಯಿಂದ. ಅವನ ಅಪ್ಪ ಅಮ್ಮ ಒಬ್ಬರಿಗೊಬ್ಬರು ಪರಿಚಯವಾದದ್ದು ಆ ಕೆರೆಯ ಬಳಿ.

ಗಣಿ, ಮಗ್ಗ, ಮೀನುಗಾರಿಕೆಯ ಊರುಗಳ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮನೆಗಳಲ್ಲಿ ಬೈಬಲ್ಲೇ ಹೆಸರುಗಳ ಭಂಡಾರ. ಎಬೆನೀಜರ್, ಒಬದಾಯ, ಹಿಜ್ಕೀಯ ಎಂಬ ಹಳೆಯ ಒಡಂಬಡಿಕೆಯ ಗಡುಸು ಹೆಸರುಗಳು ಅಲ್ಲಿ ಗಟ್ಟಿಯಾಗಿ ನಿಂತವು. ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ದೇವರು ಮರಳಿ ಕೊಟ್ಟ ಹೆಣ್ಣುಮಕ್ಕಳು ಮೂವರು. ಜೆಮೈಮಾ, ಕೆಜಾಯಾ, ಕೆರೆನ್‌ಹಪ್ಪುಕ್ ಎಂಬ ಆ ಮೂರು ಹೆಸರುಗಳನ್ನೂ ಕೂಲಿಕಾರರು ತಮ್ಮ ಮಕ್ಕಳಿಗೆ ಇಟ್ಟರು. ಗ್ರೇಸ್, ಫೇತ್, ಪೇಷೆನ್ಸ್, ಪ್ರೂಡೆನ್ಸ್ ಎಂಬ ಸದ್ಗುಣಗಳ ಹೆಸರು ಪ್ಯೂರಿಟನ್ನರ ಕಾಲದಿಂದಲೇ ಇದ್ದವು. ಶಾಂತಿ, ಕರುಣಾ, ಸಹನಾ ಎಂದು ಹೆಣ್ಣುಮಕ್ಕಳಿಗೆ ಹೆಸರಿಡುವ ನಮಗೆ ಅವು ದೂರದವಲ್ಲ.

ಶತಮಾನದ ಕೊನೆಗೆ ಹೂಗಳ ಸರದಿ ಬಂತು. ರೋಸ್, ಲಿಲಿ, ಡೇಸಿ, ವಯೊಲೆಟ್, ಐವಿ, ಮರ್ಟಲ್, ಆಲಿವ್. ಅವುಗಳ ಬೆನ್ನಿಗೆ ರತ್ನಗಳು: ರೂಬಿ, ಪರ್ಲ್, ಬೆರಿಲ್. ಹೂವಿಗೊಂದು ಅರ್ಥ ಹೇಳುವ ಪುಸ್ತಕಗಳು ಆಗ ಮನೆಮನೆಯಲ್ಲೂ ಓಡಾಡುತ್ತಿದ್ದವು. ಕೇಟ್ ಗ್ರೀನವೇ ಚಿತ್ರ ಬರೆದ ಹೂಭಾಷೆಯ ಪುಸ್ತಕ ಬಂದದ್ದು 1884ರಲ್ಲಿ. ಗಾಜಿನ ಮನೆ ಕಟ್ಟಿಸಿ ಹೂ ಬೆಳೆಸಲು ಸಿರಿವಂತರಿಗೆ ಮಾತ್ರ ಸಾಧ್ಯವಿತ್ತು. ಮಗಳನ್ನು ವಯೊಲೆಟ್ ಎಂದು ಕರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮುತ್ತು ಮಾಣಿಕ್ಯ ಕೊಳ್ಳಲಾರದ ತಾಯಿ ಮಗಳಿಗೆ ಪರ್ಲ್ ಎಂದಿಟ್ಟಳು, ರೂಬಿ ಎಂದಿಟ್ಟಳು. ನಮ್ಮ ಮುತ್ತಮ್ಮ, ರತ್ನಮ್ಮ, ಚಿನ್ನಮ್ಮಂದಿರ ತಾಯಂದಿರ ಆಸೆಯೂ ಇದೇ.

ಎರಡು ಮೂರು ಹೆಸರು ಇಡುವ ರೂಢಿಯೂ ಈ ಕಾಲದಲ್ಲೇ ಮೇಲಿನವರಿಂದ ಕೆಳಗಿನವರಿಗೆ ಬಂತು. ತಾಯಿಯ ತವರಿನ ಮನೆತನದ ಹೆಸರನ್ನು ಮಗುವಿನ ನಡುವಿನ ಹೆಸರಾಗಿ ಇಡುತ್ತಿದ್ದರು. ಎಂಜಿನಿಯರ್ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ಹೆಸರಿನ ಕಿಂಗ್‌ಡಮ್ ಅವನ ತಾಯಿಯ ತವರಿನದು. ಚಾರ್ಲ್ಸ್ ಡಿಕನ್ಸ್ ತನ್ನ ಗಂಡುಮಕ್ಕಳಿಗೆ ತಾನು ಮೆಚ್ಚಿದ ಬರಹಗಾರರ ಹೆಸರು ತುಂಬಿದ. ಒಬ್ಬ ಆಲ್ಫ್ರೆಡ್ ಡಾರ್ಸೆ ಟೆನಿಸನ್ ಡಿಕನ್ಸ್, ಒಬ್ಬ ಹೆನ್ರಿ ಫೀಲ್ಡಿಂಗ್ ಡಿಕನ್ಸ್. ಕವಿ ವಾಲ್ಟರ್ ಸ್ಯಾವೇಜ್ ಲ್ಯಾಂಡರ್ ಹೆಸರಿನ ವಾಲ್ಟರ್ ಲ್ಯಾಂಡರ್ ಡಿಕನ್ಸ್ ಸೈನ್ಯ ಸೇರಿ ಭಾರತಕ್ಕೆ ಬಂದ. 1863ರ ಕೊನೆಯ ದಿನ ಕಲ್ಕತ್ತೆಯಲ್ಲಿ ತೀರಿಕೊಂಡ. ಅವನಿಗೆ ಇಪ್ಪತ್ತೆರಡು ವರ್ಷ.

ಇಷ್ಟೆಲ್ಲ ಆಯ್ಕೆಯ ನಡುವೆ ಆಯ್ಕೆಯೇ ಇಲ್ಲದವರಿದ್ದರು. ದೊಡ್ಡ ಮನೆಗಳಲ್ಲಿ ಕೆಲಸಕ್ಕೆ ಬಂದ ಹುಡುಗಿಯ ಹೆಸರು ಮನೆಯ ಮಗಳ ಹೆಸರೇ ಆಗಿದ್ದರೆ, ಇಲ್ಲವೇ ಯಜಮಾನಿಯ ಕಿವಿಗೆ ಆಡಂಬರವೆನಿಸಿದರೆ, ಅದನ್ನು ತೆಗೆದು ಮೇರಿ ಎಂದೋ ಜೇನ್ ಎಂದೋ ಕರೆಯುತ್ತಿದ್ದರು. ಊಟ ಬಡಿಸುವ ಆಳು ಜಾನ್ ಅಥವಾ ಜೇಮ್ಸ್. ಆಳು ಬದಲಾದರೂ ಹೆಸರು ಅದೇ. ಹೂವಿನ ಹೆಸರಿಟ್ಟು ಬೆಳೆಸಿದ ಮಗಳು ಹನ್ನೆರಡು ಹದಿಮೂರನೇ ವಯಸ್ಸಿಗೆ ಆ ಮನೆಯ ಹಿಂಬಾಗಿಲು ದಾಟಿದಾಗ ತಾಯಿ ಕೊಟ್ಟ ಒಂದೇ ಆಸ್ತಿಯನ್ನೂ ಹೊರಗೆ ಬಿಡಬೇಕಿತ್ತು. ಇದು ಅನ್ಯಾಯವೇ. ಅಂದಿನ ರೀತಿ ಹಾಗಿತ್ತು ಎಂದು ಹೇಳಿ ಅದನ್ನು ಸಣ್ಣದು ಮಾಡಲು ನನಗೆ ಮನಸ್ಸಿಲ್ಲ. 1739ರಲ್ಲಿ ಥಾಮಸ್ ಕೋರಂ ಸ್ಥಾಪಿಸಿದ ಲಂಡನ್ನಿನ ಫೌಂಡ್ಲಿಂಗ್ ಹಾಸ್ಪಿಟಲ್‌ನಲ್ಲಿ, ಸಾಕಲಾರದ ತಾಯಂದಿರು ಬಿಟ್ಟುಹೋದ ಕೂಸುಗಳಿಗೆಲ್ಲ ಹೊಸ ಹೆಸರಿನ ದೀಕ್ಷಾಸ್ನಾನವಾಗುತ್ತಿತ್ತು. ತಾಯಿ ಇಟ್ಟ ಹೆಸರು ಅಲ್ಲಿಗೆ ಮುಗಿಯಿತು. ಅದರ ಹತ್ತಿರವೇ ವಾಸವಿದ್ದ ಡಿಕನ್ಸ್‌ಗೆ ಇದು ಗೊತ್ತಿತ್ತು. 'ಲಿಟಲ್ ಡಾರಿಟ್' ಕಾದಂಬರಿಯಲ್ಲಿ ಅಂಥ ಅನಾಥೆಯೊಬ್ಬಳು ಸಾಕಿದವರು ಅಂಟಿಸಿದ ಟ್ಯಾಟಿಕೋರಂ ಎಂಬ ಹೆಸರಿನ ವಿರುದ್ಧ ಸಿಡಿದೇಳುತ್ತಾಳೆ.

ಈ ಇಡೀ ಚರಿತ್ರೆ ನಮ್ಮ ಕೊಡಗಿನ ಒಂದು ಹೆಣ್ಣುಮಗುವನ್ನೂ ಮುಟ್ಟಿದೆ. 1834ರಲ್ಲಿ ಕಂಪನಿ ಸರ್ಕಾರ ಗದ್ದುಗೆಯಿಂದ ಇಳಿಸಿದ ಚಿಕ್ಕವೀರರಾಜೇಂದ್ರನನ್ನು ಕನ್ನಡ ಓದುಗರು ನಮ್ಮ ಜಿಲ್ಲೆಯವರೇ ಆದ ಮಾಸ್ತಿಯವರ ಕಾದಂಬರಿಯಿಂದ ಬಲ್ಲರು. ಅವನನ್ನು ಕಾಶಿಯಲ್ಲಿ ಇರಿಸಿದ್ದಾಗ, 1841ರಲ್ಲಿ, ಹುಟ್ಟಿದ ಮಗಳು ಗೌರಮ್ಮ. ಕಂಪನಿಯ ವಶದಲ್ಲಿದ್ದ ತನ್ನ ಹಣಕ್ಕಾಗಿ ದಾವೆ ಹೂಡಲು 1852ರಲ್ಲಿ ಅರಸ ಲಂಡನ್ನಿಗೆ ಹೋದ, ಮಗಳನ್ನೂ ಕರೆದೊಯ್ದ. ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆ ಹುಡುಗಿಗೆ ದೀಕ್ಷಾಸ್ನಾನವಾಯಿತು. ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರು ಕೊಟ್ಟಳು. ಗೌರಮ್ಮ ವಿಕ್ಟೋರಿಯಾ ಗೌರಮ್ಮ ಆದಳು. ಅವಳನ್ನು ಇಂಗ್ಲಿಷ್ ಮನೆಗಳಲ್ಲಿ ಇರಿಸಿ ಬೆಳೆಸಿದರು. ಪಂಜಾಬಿನ ಅರಸನಾಗಿದ್ದ ದುಲೀಪ್ ಸಿಂಗನಿಗೆ ಅವಳನ್ನು ಕೊಡಬೇಕೆಂದು ರಾಣಿ ಬಯಸಿದಳು, ಅದು ಕೂಡಿಬರಲಿಲ್ಲ. ತಂದೆ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. 1860ರಲ್ಲಿ ಅವಳು ತನಗಿಂತ ಬಹಳ ದೊಡ್ಡವನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ, ಹೋದಳು. ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ.

ಅವಳು 1861ರಲ್ಲಿ ಹೆತ್ತ ಮಗಳ ಹೆಸರು ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಪ್‌ಬೆಲ್. ಎಡಿತ್ ಆ ಕಾಲದ ಜನ ಹಳೆಯ ಸ್ಯಾಕ್ಸನ್ ದಿನಗಳಿಂದ ಎಬ್ಬಿಸಿ ತಂದ ಹೆಸರು. ವಿಕ್ಟೋರಿಯಾ ಸಿಂಹಾಸನದ್ದು. ಕ್ಯಾಂಪ್‌ಬೆಲ್ ತಂದೆಯದು. ನಡುವಿನ ಗೌರಮ್ಮ ಕೊಡಗಿನದು. ದೀಕ್ಷಾಸ್ನಾನದ ನೀರಿನಲ್ಲಿ ಅದನ್ನು ತೊಳೆದುಬಿಡುವುದು ಸುಲಭವಿತ್ತು, ಸಾವಿರಾರು ಅನಾಥ ಮಕ್ಕಳಿಗೆ ಹಾಗೇ ಮಾಡಿದರು. ಈ ಮನೆಯಲ್ಲಿ ಅದು ಎರಡನೆಯ ತಲೆಮಾರಿಗೂ ದಾಟಿತು. ರಾಜ್ಯ ಹೋಯಿತು, ಹಣ ಬರಲಿಲ್ಲ, ಭಾಷೆ ಉಳಿಯಲಿಲ್ಲ. ಹೆಸರು ಉಳಿಯಿತು. ವಿಕ್ಟೋರಿಯಾ ಕಾಲದ ಎಲ್ಲ ಮಕ್ಕಳ ಹೆಸರುಗಳಲ್ಲಿ ನಾನು ಎಂದಿಗೂ ಮರೆಯದ ಹೆಸರು ಇದು.

ಆ ಹೆಸರುಗಳು ಹಡಗಿನಲ್ಲಿ ನಮ್ಮ ಕಡೆಗೂ ಬಂದವು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಕಾರ್ನ್‌ವಾಲ್‌ನ ಗಣಿಗಾರರು ಮನೆಮಂದಿಯೊಂದಿಗೆ ಕೆಜಿಎಫ್‌ಗೆ ಬಂದು ನೆಲೆಸಿದರು. ಅಲ್ಲಿಯ ಮತ್ತು ಬೆಂಗಳೂರು ದಂಡಿನ ಆಂಗ್ಲೋ–ಇಂಡಿಯನ್ ಮನೆಗಳಲ್ಲಿ, ನಮ್ಮವರೇ ಆದ ಕ್ರೈಸ್ತರ ಮನೆಗಳಲ್ಲಿ ಎಥೆಲ್, ವಯೊಲೆಟ್, ಐವಿ, ಡೇಸಿ, ಗ್ರೇಸ್ ಹುಟ್ಟಿದರು. ಕರಾವಳಿಯಲ್ಲಿ ವಿಲ್ಫ್ರೆಡ್, ಆಲ್ಫ್ರೆಡ್, ಸ್ಟ್ಯಾನ್ಲಿ, ಹಿಲ್ಡಾ, ಗ್ಲ್ಯಾಡಿಸ್. ಇಂಗ್ಲೆಂಡಿನಲ್ಲಿ ಅವು ಮಾಸಿದ ಮೇಲೂ ಇಲ್ಲಿ ಬಹುಕಾಲ ಬಾಳಿದವು. ರಾಣಿಯ ಹೆಸರು ಬೆಂಗಳೂರಿನಲ್ಲಿ ಆಸ್ಪತ್ರೆಗೆ ನಿಂತಿತು. 1897ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಅಡಿಗಲ್ಲಿಟ್ಟು, 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆ ಅದು. ಅದರ ಪಕ್ಕದಲ್ಲೇ ಆ ಮಹಾರಾಣಿಯ ಹೆಸರಿನ ಹೆರಿಗೆ ಆಸ್ಪತ್ರೆ ಇದೆ. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳ ಜನನಪತ್ರದಲ್ಲಿ ಹುಟ್ಟಿದ ಸ್ಥಳವೆಂದು ಕಾಣುವುದು ಅದೇ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಎಥೆಲ್, ಮಿಲ್ಡ್ರೆಡ್ ಎಂಬ ಹೆಸರುಗಳು ಜನನದ ಪುಸ್ತಕದಲ್ಲಿ ಕಾಣುತ್ತಿರಲಿಲ್ಲ, ಮರಣದ ಪುಸ್ತಕದಲ್ಲಿ ಮಾತ್ರ ಬರುತ್ತಿದ್ದವು. ಹೆಸರು ಹಳತಾಗುವುದೆಂದರೆ ಇದೇ ಎಂದು ಆಗ ತಿಳಿಯಿತು. ಮೊದಲು ಹುಟ್ಟಿನ ಪುಸ್ತಕ ಅದನ್ನು ಬಿಡುತ್ತದೆ. ಆಮೇಲೆ ಬಹುಕಾಲ ಸಾವಿನ ಪುಸ್ತಕ ಅದನ್ನು ಬರೆದುಕೊಳ್ಳುತ್ತದೆ. ಅಲ್ಲಿಯೂ ಮುಗಿದ ಮೇಲೆ, ಆ ಹೆಸರಿನ ಮುದುಕಿಯರನ್ನು ಕಂಡವರು ಇಲ್ಲವಾದ ಮೇಲೆ, ಅದು ಮತ್ತೆ ಹೊಸದಾಗಿ ಕೇಳಿಸುತ್ತದೆ. ಸುಮಾರು ನೂರು ವರ್ಷದ ಸುತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಇಟ್ಟ ಹೆಸರುಗಳ ಪಟ್ಟಿಯ ಮೇಲುಸಾಲಿನಲ್ಲಿ ಆರ್ಥರ್, ಆರ್ಚಿ, ಐವಿ, ಲಿಲಿ, ಫ್ಲಾರೆನ್ಸ್ ಇದ್ದಾರೆ. ಎಥೆಲ್, ಗರ್ಟ್ರೂಡ್, ಮಿಲ್ಡ್ರೆಡ್ ಆ ಸಾಲಿಗೆ ಇನ್ನೂ ಮರಳಿಲ್ಲ. ನಮ್ಮ ಪುಟ್ಟಮ್ಮ, ಚೌಡಮ್ಮ, ಮುನಿಯಮ್ಮಂದಿರೂ ಈಗ ಮರಣದ ಪುಸ್ತಕದ ಹಂತದಲ್ಲಿದ್ದಾರೆ.

ಇಂಗ್ಲೆಂಡಿನವರಿಗೆ ಒಂದು ಅನುಕೂಲವಿದೆ. ಅಜ್ಜಿಯ ಅಜ್ಜಿಯ ಹೆಸರು ಬೇಕೆಂದರೆ 1837ರಿಂದ ಬರೆದಿಟ್ಟ ಪುಸ್ತಕ ತೆರೆದು ನೋಡುತ್ತಾರೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಮೂರು ತಲೆಮಾರಿನ ಹಿಂದಿನ ಹೆಂಗಸರ ಹೆಸರು ಯಾವ ಕಾಗದದಲ್ಲೂ ಇಲ್ಲ. ಪಹಣಿಯಲ್ಲಿ ತಾತನ ಹೆಸರಿದ್ದರೂ ಅಜ್ಜಿಯದಿರುವುದು ಅಪರೂಪ. ಅದು ಬಾಯಲ್ಲಿ ಮಾತ್ರ ಇದೆ, ಆ ಬಾಯಿಗಳು ಒಂದೊಂದಾಗಿ ಮುಚ್ಚುತ್ತಿವೆ. ಹಾಗಾಗಿ ಓದುಗರಲ್ಲಿ ನನ್ನದೊಂದು ಕೇಳಿಕೆ. ಮನೆಯಲ್ಲಿ ಹಿರಿಯರು ಇರುವಾಗಲೇ ಕೂತು ಕೇಳಿ ಬರೆದಿಡಿ: ಅವರ ತಾಯಿಯ ಹೆಸರೇನು, ಅಜ್ಜಿಯದೇನು, ಆ ಹೆಸರು ಯಾರ ನೆನಪಿಗೆ, ಯಾವ ದೇವರ ಹರಕೆಗೆ, ಯಾವ ಮಗು ಹೋದ ಮೇಲೆ ಇಟ್ಟದ್ದು. ಮಗು ಹುಟ್ಟಿದರೆ ಹನ್ನೆರಡು ತಿಂಗಳ ಗಡುವು ಇದೆಯೆಂದು ಕಾಯಬೇಡಿ, ನಾಮಕರಣವಾದ ವಾರವೇ ಹೋಗಿ ಹೆಸರು ಬರೆಸಿ, ಬರೆದದ್ದನ್ನು ಅಲ್ಲೇ ಗಟ್ಟಿಯಾಗಿ ಓದಿಸಿ ಕೇಳಿ. ಹೊಸ ಹೆಸರೇ ಇಡಿ, ತಪ್ಪಿಲ್ಲ. ಅದರ ಪಕ್ಕದಲ್ಲಿ ಒಬ್ಬ ಅಜ್ಜಿಯ ಹೆಸರಿಗೂ ಜಾಗ ಕೊಡಿ. ಗೌರಮ್ಮನ ಮಗಳಿಗೆ ಇಂಗ್ಲೆಂಡಿನಲ್ಲಿ ಸಿಕ್ಕ ಜಾಗ ನಮ್ಮ ಮನೆಯ ಮಕ್ಕಳಿಗೆ ನಮ್ಮ ಊರಿನಲ್ಲಿ ಸಿಗದೇ ಹೋಗಬಾರದು.